ವೈರು ತಿಂದ ಮೂವತ್ತೊಂಬತ್ತು ವೋಲ್ಟು

ರಂಜಿತಾಳ ಬಿಸ್ಕತ್ತು ಮುರಿದರೆ ಟಕ್ ಎನ್ನುತ್ತಿತ್ತು. ನನ್ನದು ಮುರಿಯುತ್ತಲೇ ಇರಲಿಲ್ಲ, ಬಾಗುತ್ತಿತ್ತು. ಅದೇ ರಾಗಿ ಹಿಟ್ಟು, ಅದೇ ಬೆಣ್ಣೆ, ಅದೇ ಅಂಗಡಿಯ ಕರಿಮೆಣಸು. ಕುಶಾಲನಗರದಲ್ಲಿ ಹೆಂಗಸರಿಗೆ ಬೇಕರಿ ತರಬೇತಿ ಕೊಟ್ಟಾಗ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಈ ಖಾರ ಬಿಸ್ಕತ್ತು ಕಲಿತವರು. ಅಲ್ಲಿ ಮೇಡಂ ನನ್ನ ಹಿಟ್ಟಿನ ಹದವನ್ನು ಎತ್ತಿ ಎಲ್ಲರಿಗೂ ತೋರಿಸಿದ್ದರು, ಅವಳದನ್ನಲ್ಲ. ಮನೆಗೆ ಬಂದು ಓವನ್ ಇಟ್ಟುಕೊಂಡ ಮೇಲೆ ಎಲ್ಲ ತಲೆಕೆಳಗಾಯಿತು. ಅವಳದು ಗರಿಗರಿ, ನನ್ನದು ನಿನ್ನೆಯ ರೊಟ್ಟಿ.

ರಂಜಿತಾ ನನ್ನ ವಾರಗಿತ್ತಿ. ನನ್ನ ಗಂಡ ಧರ್ಮೇಶ್ ದೊಡ್ಡವರು, ಅವಳ ಗಂಡ ಕೀರ್ತಿಕುಮಾರ್ ಚಿಕ್ಕವನು. ಮಾವನವರ ಅಪ್ಪ ಹಾಸನದ ಕಡೆಯಿಂದ ಇಲ್ಲಿಗೆ ಬಂದು ಜಮೀನು ಮಾಡಿದವರು, ಬರುವಾಗ ಅಲ್ಲಿಯ ಪದ್ಧತಿಗಳನ್ನೂ ಗಂಟು ಕಟ್ಟಿಕೊಂಡು ಬಂದರು. ಅದರಲ್ಲಿ ಒಂದು, ಭಾಗವಾಗುವಾಗ ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಬಹಳ ನ್ಯಾಯದ ಪದ್ಧತಿ ಎಂದು ಊರೆಲ್ಲ ಹೊಗಳುತ್ತದೆ. ದೊಡ್ಡ ಸೊಸೆಯಾಗಿ ಬಂದು ನೋಡಿದವರು ಹೊಗಳಲಿ ನೋಡೋಣ. ನಮ್ಮ ಮನೆ ಎರಡಾದಾಗ ಕೀರ್ತಿ ರಸ್ತೆ ಕಡೆಯ ಅರ್ಧವನ್ನು ಆರಿಸಿದ. ಬಾಯಿ ಬಿಟ್ಟಿದ್ದು ಅವನು, ಕಣ್ಣಲ್ಲಿ ಹೇಳಿಕೊಟ್ಟವಳು ಹಿಂದೆ ನಿಂತಿದ್ದಳು. ಜಗಲಿ ಅವಳಿಗೆ, ಮುಂದಿನ ಅಂಗಳ ಅವಳಿಗೆ. ನನಗೆ ಹಿಂದಿನ ಅರ್ಧ, ಬಚ್ಚಲ ಹೊಗೆ, ಶುಂಠಿ ಹೊಲದ ನೋಟ.

ಓವನ್ ಬಂದಾಗಲೂ ಅದೇ ಕತೆ. ಒಂದೇ ಕಂಪನಿಯ, ಎರಡು ಸಾವಿರ ವ್ಯಾಟಿನ ಎರಡು ಓವನ್ನುಗಳು ಒಂದೇ ಗಾಡಿಯಲ್ಲಿ ಬಂದಿಳಿದವು. ಅತ್ತೆ ಚಲುವಮ್ಮ ಜಗಲಿಯಲ್ಲಿ ಕೂತು, "ಚಿಕ್ಕೋಳು ಮೊದ್ಲು ಮುಟ್ಲಿ ಕಣವ್ವ" ಎಂದರು. ರಂಜಿತಾ ಎರಡೂ ಪೆಟ್ಟಿಗೆಯನ್ನು ಸುತ್ತಿ ನೋಡಿ ಒಂದರ ಮೇಲೆ ಕೈಯಿಟ್ಟಳು. ಉಳಿದದ್ದು ನನ್ನದಾಯಿತು.

ಹಾಗಾಗಿ ಬಿಸ್ಕತ್ತು ಬಾಗಲು ಶುರುವಾದಾಗ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಒಳ್ಳೆಯ ಓವನ್ ಅವಳಿಗೆ ಹೋಗಿದೆ, ನನಗೆ ಬಂದದ್ದು ಕಳಪೆ. ಅವಳ ಅಡುಗೆಮನೆಯಿಂದ ಬೆಣ್ಣೆ ಬೆಂದ ವಾಸನೆ ಗೋಡೆ ದಾಟಿ ಬಂದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಉರಿಯುತ್ತಲೇ ಇತ್ತು. ಅವಳು ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು ಇಟ್ಟು, "ಅಕ್ಕ, ರುಚಿ ನೋಡಿ" ಎಂದು ತಂದುಕೊಟ್ಟರೆ, ಅವಳು ಹೋಗುವ ತನಕ ಕಾದು ಹಸುವಿನ ಬಾಯಿಗೆ ಹಾಕುತ್ತಿದ್ದೆ. ಹಸು ಕೂಡ ಕಟುಂಕಟುಂ ಎಂದು ತಿನ್ನುತ್ತಿತ್ತು. ನನ್ನದನ್ನು ಹಾಕಿದರೆ ಅಷ್ಟು ಸದ್ದಿಲ್ಲ.

ಮಡಿಕೇರಿ ರಸ್ತೆಯಲ್ಲಿ ಶಶಿಧರ ಅವರ ಅಂಗಡಿಯಿದೆ. ಪ್ರವಾಸಕ್ಕೆ ಬಂದವರು ಕಾಫಿಪುಡಿ, ಜೇನು, ಚಾಕೊಲೇಟ್ ಕೊಳ್ಳುವ ಅಂಗಡಿ. ಮೊದಲು ಇಬ್ಬರ ಬಿಸ್ಕತ್ತನ್ನೂ ತೆಗೆದುಕೊಂಡರು. ಆಮೇಲೆ ನನ್ನ ಪೊಟ್ಟಣಗಳು ವಾಪಸು ಬಂದವು. ಕಡೆಗೆ ಒಂದು ದಿನ ಅವರೇ ಹೇಳಿದರು, "ಯಮುನಕ್ಕ, ಬೇಜಾರು ಮಾಡ್ಕೋಬೇಡಿ. ಇನ್ನು ಒಬ್ಬರ ಹತ್ರಾನೇ ತಗೊಳ್ಳೋದು ಅಂತ ಮಾಡಿದ್ದೀನಿ. ಶನಿವಾರ ಇಬ್ರೂ ಒಂದೊಂದು ಡಬ್ಬ ತನ್ನಿ. ಯಾವುದು ಚೆನ್ನಾಗಿದೆಯೋ ಅವರಿಗೆ ವರ್ಷದ ಆರ್ಡರ್."

ಆ ಆರ್ಡರ್ ನನಗೆ ಬೇಕಿತ್ತು. ಈ ಮನೆಗೆ ಬಂದ ಮೇಲೆ ನನ್ನದು ಎಂದು ಹೇಳಿಕೊಳ್ಳಲು ಒಂದು ಕೆಲಸ ಇರಲಿಲ್ಲ. ಶುಂಠಿ ಧರ್ಮೇಶ್ ಅವರದು, ಹಸು ಅತ್ತೆಯದು, ಒಲೆಯ ಮುಂದಿನ ಬೆವರು ಮಾತ್ರ ನನ್ನದು. ಪಿಯುಸಿ ಸೈನ್ಸ್ ಓದಿದವಳು ನಾನು, ಫಿಸಿಕ್ಸಿನಲ್ಲಿ ಕ್ಲಾಸಿಗೇ ಮೊದಲು ಬಂದವಳು. ಆ ವಿಷಯ ಅತ್ತೆಗೆ ನೆನಪಿಲ್ಲ, ಗಂಡನಿಗೆ ಬೇಕಿಲ್ಲ. ಈಗ ಶಶಿಧರರ ಅಂಗಡಿಯ ಗಾಜಿನ ಕಪಾಟಿನಲ್ಲಿ ರಂಜಿತಾಳ ಬಿಸ್ಕತ್ತು ಮಾತ್ರ ಕೂತರೆ ನಾನು ಆ ರಸ್ತೆಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ?

ಸೋಮವಾರ ಬೆಳಿಗ್ಗೆ ಅವಳ ಜಗಲಿಗೆ ಹೋಗಿ ನಿಂತೆ. "ಓವನ್ ಬದಲಾಯಿಸ್ಕೊಳೋಣ" ಎಂದೆ.

ಅವಳು ಯಾಕೆ ಎಂದು ಕೇಳುತ್ತಾಳೆ, ಆಗ ಎಲ್ಲ ಹೇಳಿ ಮುಗಿಸುತ್ತೇನೆ ಎಂದು ಸಿದ್ಧಳಾಗಿ ಹೋಗಿದ್ದೆ. ಅವಳು ಕೇಳಲೇ ಇಲ್ಲ. "ಆಯ್ತಕ್ಕ, ನಿಮ್ಮಿಷ್ಟ" ಎಂದಳು. ನನಗೆ ಇನ್ನೂ ಸಿಟ್ಟು ಬಂತು. ಜಗಳಕ್ಕೆ ಬಂದವಳ ಮುಂದೆ ಹೀಗೆ ಮೆತ್ತಗಾಗುವುದು ಕೂಡ ಒಂದು ವಿದ್ಯೆ. ಸಂಜೆ ಅಣ್ಣತಮ್ಮಂದಿರು ಗೊಣಗಿಕೊಂಡು ಓವನ್ನುಗಳನ್ನು ಹೊತ್ತು ಆಚೀಚೆ ಇಟ್ಟರು.

ಮರುದಿನ ಅವಳ ಓವನ್ನಿನಲ್ಲಿ, ಅಂದರೆ ಈಗ ನನ್ನದಾದ ಓವನ್ನಿನಲ್ಲಿ, ಬಿಸ್ಕತ್ತು ಇಟ್ಟೆ. ಬಾಗಿತು. ಬುಧವಾರ ಇನ್ನೂ ಹೆಚ್ಚು ಹೊತ್ತು ಬಿಟ್ಟೆ, ತೊಗಲಿನ ಹಾಗೆ ಒಣಗಿತೇ ಹೊರತು ಗರಿಯಾಗಲಿಲ್ಲ. ಇತ್ತ ಗೋಡೆಯಾಚೆ ಅದೇ ಬೆಣ್ಣೆಯ ವಾಸನೆ. ನನ್ನ ಕಳಪೆ ಓವನ್ನಿನಲ್ಲಿ ಅವಳ ಬಿಸ್ಕತ್ತು ಎಂದಿನಂತೆ ಟಕ್ ಎನ್ನುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದರು.

"ನೆಲ ಡೊಂಕೇ ಅತ್ತೆ" ಎಂದೆ. "ಕೊಡೋ ಮುಂಚೆ ಒಳಗೆ ಏನೋ ಮಾಡಿ ಕೊಟ್ಟವಳೆ. ಗಂಡ ಮೋಟಾರು ರಿವೈಂಡಿಂಗ್ ಮಾಡೋನು. ಓವನ್ನಿನ ಕಾಯಿಲು ಬದಲಾಯಿಸೋದು ಅವ್ನಿಗೆ ಏನು ಕಷ್ಟ?"

ಆ ಮಾತು ಗೋಡೆ ದಾಟಲಿ ಎಂದೇ ಸ್ವಲ್ಪ ಜೋರಾಗಿ ಆಡಿದ್ದೆ. ದಾಟಿತು. ಶುಕ್ರವಾರ ಸಂಜೆ ಕೀರ್ತಿಕುಮಾರ್ ಕುಶಾಲನಗರದ ತನ್ನ ಅಂಗಡಿಯಿಂದ ಬಂದವನೇ ನೇರ ನಮ್ಮ ಅಡುಗೆಮನೆಗೆ ಬಂದ. ಕೈಯಲ್ಲಿ ಕ್ಲ್ಯಾಂಪ್ ಮೀಟರ್ ಇತ್ತು, ವೈರಿನ ಸುತ್ತ ಇಕ್ಕಳದ ಹಾಗೆ ಕಚ್ಚಿಸಿದರೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ತೋರಿಸುವ ಯಂತ್ರ. ಹಿಂದೆ ರಂಜಿತಾ, ಅವಳ ಹಿಂದೆ ಅತ್ತೆ.

"ಅತ್ತಿಗೆ, ಓವನ್ ಹಾಕಿ" ಎಂದ. ಮುಖ ಗಂಟಿಕ್ಕಿತ್ತು. "ಕಾಯಿಲು ಬದಲಾಯಿಸಿದೀನೋ ಇಲ್ವೋ ಈಗ್ಲೇ ಗೊತ್ತಾಗ್ಲಿ."

ಹಾಕಿದೆ. ಪ್ಲಗ್ಗಿನ ಬಾಕ್ಸ್ ಬಿಚ್ಚಿ ಅಳೆದ. "ವೋಲ್ಟೇಜು ನೂರಾ ಎಂಬತ್ತೊಂಬತ್ತು. ಕರೆಂಟು ಏಳು ಪಾಯಿಂಟ್ ಒಂದು."

ಹಿಟ್ಟು ಲಟ್ಟಿಸುವ ಹಲಗೆ ಮುಂದೆಯೇ ಇತ್ತು, ಮೇಲೆ ಒಣಹಿಟ್ಟು ಉದುರಿತ್ತು. ಬೆರಳಿನಿಂದ ಅದರ ಮೇಲೆ ಬರೆದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಎಂದರೆ ಕರೆಂಟಿನ ದಾರಿಯಲ್ಲಿರುವ ತಡೆ. ಎರಡನ್ನೂ ಗುಣಿಸಿದರೆ ಪವರ್. ಪಿಯುಸಿಯಲ್ಲಿ ಇದಕ್ಕೆ ನೂರಾರು ಲೆಕ್ಕ ಮಾಡಿದ್ದೇನೆ, ಬೆರಳು ಮರೆತಿರಲಿಲ್ಲ. ತಡೆ ಇಪ್ಪತ್ತಾರು ಪಾಯಿಂಟ್ ಆರು ಓಮ್ ಬಂತು.

"ಈಗ ನಿಮ್ಮನೇದು ಅಳೆ" ಎಂದೆ. ಎಲ್ಲರೂ ಮೆರವಣಿಗೆಯಲ್ಲಿ ಅವಳ ಅಡುಗೆಮನೆಗೆ ಹೋದರು. ನಾನು ಹೋಗಲಿಲ್ಲ. ಭಾಗವಾದ ಮೇಲೆ ಅವಳ ಹೊಸ್ತಿಲು ದಾಟಿರಲಿಲ್ಲ, ಆಗ ದಾಟುವ ಮನಸ್ಸೂ ಇರಲಿಲ್ಲ. ಕೀರ್ತಿ ಅಲ್ಲಿಂದಲೇ ಕೂಗಿ ಹೇಳಿದ, ಇನ್ನೂರಾ ಇಪ್ಪತ್ತಾರು ವೋಲ್ಟು, ಎಂಟೂವರೆ ಆಂಪಿಯರ್. ಭಾಗಿಸಿದೆ. ಇಪ್ಪತ್ತಾರು ಪಾಯಿಂಟ್ ಆರು.

ಎರಡೂ ಕಾಯಿಲಿನ ತಡೆ ಒಂದೇ. ಯಾರೂ ಏನೂ ಬದಲಾಯಿಸಿರಲಿಲ್ಲ. ಒಳ್ಳೆಯ ಓವನ್ ಎಂದೂ ಇರಲಿಲ್ಲ, ಕಳಪೆಯದೂ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ನಿರಾಸೆಯಾಯಿತು. ಅವಳು ಮೋಸ ಮಾಡಿದ್ದಾಳೆ ಎಂದಾಗಿದ್ದರೆ ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಆದರೆ ಗುಣಿಸಿದಾಗ ಕೈ ನಿಂತಿತು. ಅವಳದು ಸಾವಿರದ ಒಂಬೈನೂರ ಇಪ್ಪತ್ತೊಂದು ವ್ಯಾಟ್. ನನ್ನದು ಸಾವಿರದ ಮುನ್ನೂರ ನಲವತ್ತೆರಡು. ಎರಡು ಸಾವಿರದ ಓವನ್ನು ನನ್ನ ಮನೆಯಲ್ಲಿ ಮೂರನೇ ಎರಡು ಭಾಗದ ಕೆಲಸವನ್ನಷ್ಟೇ ಮಾಡುತ್ತಿತ್ತು. ಅಷ್ಟು ಕಾವಿಗೆ ಬಿಸ್ಕತ್ತು ಬೇಯುವುದಿಲ್ಲ, ಬೆವರುತ್ತದೆ. ಬಲ್ಬುಗಳೆಲ್ಲ ಎಲ್‌ಇಡಿ, ವೋಲ್ಟೇಜು ಬಿದ್ದರೂ ಅವು ಹಾಗೇ ಉರಿಯುತ್ತವೆ, ಅದಕ್ಕೇ ಇಷ್ಟು ದಿನ ತಿಳಿಯಲಿಲ್ಲ. ಓವನ್ ಹಾಕಿದಾಗ ಮಿಕ್ಸಿ ನರಳುವುದನ್ನು ಕೇಳಿದ್ದೆ, ಮಿಕ್ಸಿಗೆ ವಯಸ್ಸಾಯಿತು ಎಂದುಕೊಂಡು ಅದನ್ನು ಬೈದಿದ್ದೆ.

ಎಲ್ಲರೂ ವಾಪಸು ಬಂದರು, ಕೀರ್ತಿ ಹಲಗೆ ನೋಡಿದ. ಹಿಂಬಾಗಿಲಿನಿಂದ ಇಳಿದು ಶುಂಠಿ ಹೊಲದ ಆಚೆ, ಓಣಿ ಪಕ್ಕದ ಹಳೇ ಕೊಟ್ಟಿಗೆಗೆ ಹೋದ. ನಮ್ಮ ಮೀಟರ್ ಇರುವುದು ಅಲ್ಲಿ. ಅಲ್ಲಿಂದ ಫೋನ್ ಮಾಡಿದ. "ಓವನ್ ಆನ್ ಇದ್ಯಾ ಅತ್ತಿಗೆ? ಇಲ್ಲಿ ಇನ್ನೂರಾ ಇಪ್ಪತ್ತೆಂಟು."

ಅಲ್ಲಿ ಹೊರಡುವಾಗ ಇನ್ನೂರ ಇಪ್ಪತ್ತೆಂಟು, ಇಲ್ಲಿ ತಲುಪುವಾಗ ನೂರ ಎಂಬತ್ತೊಂಬತ್ತು. ಮೂವತ್ತೊಂಬತ್ತು ವೋಲ್ಟು ದಾರಿಯಲ್ಲೇ ಕಾಣೆ. ಅದನ್ನೂ ಏಳು ಪಾಯಿಂಟ್ ಒಂದರಿಂದ ಭಾಗಿಸಿದೆ. ಐದೂವರೆ ಓಮ್. ಆ ವೈರು ತಾನೇ ಬಿಸಿಯಾಗಿ ಸುಮಾರು ಇನ್ನೂರ ಎಪ್ಪತ್ತೇಳು ವ್ಯಾಟ್ ತಿಂದು, ಶುಂಠಿ ಹೊಲಕ್ಕೆ ಕಾವು ಕೊಡುತ್ತಿತ್ತು.

ಆ ವೈರು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಭಾಗವಾದಾಗ ಕರೆಂಟಿನ ಕಂಬ ಮುಂದಿನ ಅಂಗಳದಲ್ಲಿ ಉಳಿಯಿತು, ಅವಳ ಪಾಲಿನಲ್ಲಿ. ಅಲ್ಲಿಂದ ಅವಳ ಸೂರಿನ ಮೇಲೆ ಎಳೆದಿದ್ದರೆ ನಾಲ್ಕು ಮಾರು ವೈರಿನಲ್ಲಿ ಕೆಲಸ ಮುಗಿಯುತ್ತಿತ್ತು. ಕೀರ್ತಿ ಹಾಗೇ ಹೇಳಿದ್ದ. ಅವಳ ಸೂರಿನ ಮೇಲಿಂದ ಇಳಿದು ಬರುವ ಬೆಳಕು ನನಗೆ ಬೇಡ ಎಂದು ಹಟ ಹಿಡಿದವಳು ನಾನು. ಹೊಲದಾಚೆಯ ಕಂಬದಿಂದ, ಸಿಕ್ಕಿದ ಸಣ್ಣ ವೈರನ್ನು ಬಿದಿರ ಗಳುಗಳ ಮೇಲೆ ಎಳೆಸಿದ್ದೂ ನಾನೇ.

"ತಾನ್ ಮಾಡಿದ್ದುಣ್ಣೋ ಮಾರಾಯ" ಎಂದು ಅತ್ತೆ ಎದ್ದು ಹೋದರು.

ಕೀರ್ತಿ ಬಂದು ಮೀಟರನ್ನು ಚೀಲಕ್ಕೆ ಹಾಕಿಕೊಂಡ. ಗೆದ್ದವನ ಹಾಗೆ ನಗಬಹುದಿತ್ತು, ನಗಲಿಲ್ಲ. ನಾಳೆ ಶನಿವಾರ. ವೈರು ಬದಲಾಯಿಸಲು ಹೊತ್ತಿಲ್ಲ. ಹಲಗೆಯ ಮೇಲಿನ ಅಂಕಿಗಳನ್ನು ಅಂಗೈಯಿಂದ ಒರೆಸಿದೆ.

ರಂಜಿತಾ ಇನ್ನೂ ನಿಂತಿದ್ದಳು. "ಅಕ್ಕ, ಹಿಟ್ಟು ಕಲಸಿದ್ರೆ ತನ್ನಿ. ನಮ್ಮನೇಲೇ ಬೇಯಿಸ್ಕೊಳಿ" ಎಂದಳು.

ಬೇಡ ಎನ್ನಲು ಬಾಯಿ ತೆರೆದೆ. ಶಶಿಧರರ ಗಾಜಿನ ಕಪಾಟು ಕಣ್ಣಮುಂದೆ ಬಂತು. ತಟ್ಟೆಗಳನ್ನು ಎತ್ತಿಕೊಂಡು ಅವಳ ಹೊಸ್ತಿಲು ದಾಟಿದೆ.

ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಾಳೆ ಪಾಪಿ. ಕಿಟಕಿಯಿಂದ ರಸ್ತೆ ಕಾಣುತ್ತದೆ, ಡಬ್ಬಗಳಿಗೆಲ್ಲ ಒಂದೇ ಬಣ್ಣದ ಮುಚ್ಚಳ. ಬಿಸ್ಕತ್ತು ಓವನ್ನಿನಲ್ಲಿ ಬೇಯುತ್ತಿತ್ತು, ನಾವಿಬ್ಬರೂ ಅದರ ಮುಂದೆ ಎರಡು ಸ್ಟೂಲ್ ಹಾಕಿಕೊಂಡು ಕೂತಿದ್ದೆವು. ಕಡೆಗೆ ನಾನೇ ಕೇಳಿದೆ, "ಅವತ್ತು ಬದಲಾಯಿಸೋಣ ಅಂದಾಗ ಯಾಕೆ ಅಂತ ಕೇಳ್ಲಿಲ್ಲ ನೀನು."

ಅವಳು ಸೆರಗಿನ ತುದಿ ತಿರುಚಿದಳು. "ನಂಗೂ ನಿಮ್ದೇ ಬೇಕಿತ್ತಕ್ಕ."

"ಏನು?"

"ಆ ಓವನ್ನು. ಅವತ್ತು ಮೊದ್ಲು ಮುಟ್ಟಿದ್ನಲ್ಲ, ಅವತ್ತಿಂದ ತಪ್ಪು ಪೆಟ್ಟಿಗೆ ಮುಟ್ಟಿದೆ ಅಂತಲೇ ಅನ್ನಿಸ್ತಿತ್ತು. ತರಬೇತೀಲಿ ಮೇಡಂ ನಿಮ್ಮ ಹಿಟ್ಟನ್ನೇ ತೋರ್ಸಿದ್ರು. ಅತ್ತೆ ಇಲ್ಲಿ ಬಂದು ಕೂತ್ಕೊಂಡು ದೊಡ್ಡೋಳ ಕೈ ಹದ ನಿಂಗೆ ಬರಲ್ಲ ಅಂತಾರೆ. ನೀವಾಗೇ ಬದಲಾಯಿಸೋಣ ಅಂದಾಗ, ಸಿಕ್ತಲ್ಲ ಅಂತ ಖುಷಿಯಾಯ್ತು."

ಅತ್ತೆ ನನ್ನನ್ನು ಹೊಗಳುತ್ತಾರಂತೆ. ಅದೂ ಅವಳ ಮುಂದೆ. ಒಳಗೊಳಗೇ ನನಗೆ ಆದ ಸಂತೋಷ ಹೇಳತೀರದು. ಇವಳಿಗೂ ಹೊಟ್ಟೆಕಿಚ್ಚಿದೆ, ಅದೂ ನನ್ನ ಮೇಲೆ. ಮದುವೆಯ ದಿನ ಕೂಡ ನನ್ನನ್ನು ಯಾರೂ ಹೀಗೆ ನೋಡಿರಲಿಲ್ಲ.

ತಟ್ಟೆ ಹೊರಗೆ ತೆಗೆದು ಆರಲು ಬಿಟ್ಟು, ಒಂದನ್ನು ಮುರಿದೆ. ಟಕ್. ಅವಳೂ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಅಗಿಯುತ್ತ ಅವಳ ಮುಖ ಇಳಿಯಿತು. "ಚೆನ್ನಾಗಿದೆ ಅಕ್ಕ" ಎಂದು ನೀರು ಕುಡಿಯಲು ಎದ್ದಳು.

ಶನಿವಾರ ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ಹೋದೆವು. ಶಶಿಧರ ಅವರು ಮೊದಲು ಅವಳ ಡಬ್ಬ ತೆರೆದು ತಿಂದರು, ತಲೆಯಾಡಿಸಿದರು. ಆಮೇಲೆ ನನ್ನದು. ಅದನ್ನು ತಿಂದವರು ಇನ್ನೊಂದನ್ನೂ ಎತ್ತಿಕೊಂಡರು. ಅಲ್ಲಿಗೆ ಮುಗಿಯಿತು.

"ಯಮುನಕ್ಕ, ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದರು. "ಮುಂದಿನ ವಾರದಿಂದ ನಿಮ್ದೇ ಕಳಿಸಿ. ರಂಜಿತಾ, ನಿಂದೂ ಚೆನ್ನಾಗಿತ್ತಮ್ಮ. ಆದ್ರೆ ಒಬ್ರಿಗೇ ಅಂತ ಹೇಳಿದ್ನಲ್ಲ."

ವಾಪಸು ಬರುವ ಬಸ್ಸಿನಲ್ಲಿ ನನಗೆ ರೆಕ್ಕೆ ಬಂದಂತಾಗಿತ್ತು. ಮುಂದಿನ ಸೀಟಿನಲ್ಲಿ ರಂಜಿತಾಳ ಹಿಂದಲೆ ಕಾಣುತ್ತಿತ್ತು.

ಅಂಗಳಕ್ಕೆ ಬರುವಷ್ಟರಲ್ಲಿ ಕೀರ್ತಿಗೆ ಸುದ್ದಿ ಮುಟ್ಟಿತ್ತು. ಅವನಿಗೆ ಇಂಥದ್ದೆಲ್ಲ ತಿಳಿಯುವುದಿಲ್ಲ, ಗಂಡಸು. ಕಂಬ ನೋಡುತ್ತ, "ಒಳ್ಳೇದಾಯ್ತು ಅತ್ತಿಗೆ. ಸೋಮವಾರ ಅರ್ಜಿ ಕೊಡೋಣ. ಈ ಕಂಬದಿಂದ ನಮ್ಮ ಸೂರಿನ ಮೇಲೆ ಎಳೆದ್ರೆ ನಿಮ್ಗೂ ಫುಲ್ ವೋಲ್ಟೇಜು" ಎಂದ.

"ಸೂರಿನ ಮೇಲೆ ಬೇಡ" ಎಂದಳು ರಂಜಿತಾ.

"ಯಾಕೆ?"

"ಬೇಡ ಅಂದ್ರೆ ಬೇಡ. ನನ್ನ ತಲೆ ಮೇಲೆ ಯಾರ ವೈರೂ ಬೇಡ." ಚಪ್ಪಲಿ ಬಿಟ್ಟು ಒಳಗೆ ಹೋದಳು. ಕೀರ್ತಿ ಪೆಚ್ಚಾಗಿ ನನ್ನ ಮುಖ ನೋಡಿದ, ನಾನು ಜಗಳ ತೆಗೆಯುತ್ತೇನೆ ಎಂದುಕೊಂಡ.

ನನಗೆ ಸಿಟ್ಟು ಬರಲಿಲ್ಲ. ಬರಲಿ ಎಂದು ಸ್ವಲ್ಪ ಹೊತ್ತು ಕಾದೆ, ಆದರೂ ಬರಲಿಲ್ಲ. ಅವಳಿಗೆ ಒಳಗೆ ಏನಾಗುತ್ತಿದೆ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ದಿನ ಆ ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಾಡಿದವಳು ನಾನು. ಈಗ ಅದನ್ನು ಅವಳಿಗೆ ದಾಟಿಸಿ ಬಂದಿದ್ದೆ. ಹಗುರವಾಗಬೇಕಿತ್ತು. ಒಂದು ಬಸ್ಸಿನ ದಾರಿಯಷ್ಟು ಹೊತ್ತು ಹಗುರವಾಗಿತ್ತು, ಅಷ್ಟೇ.

ಇನ್ನೊಂದು ಲೆಕ್ಕವೂ ಇತ್ತು. ಅವಳ ಸೂರಿಲ್ಲದೆ ನನಗೆ ವೋಲ್ಟೇಜಿಲ್ಲ, ವೋಲ್ಟೇಜಿಲ್ಲದೆ ಮುಂದಿನ ವಾರದ ಬಿಸ್ಕತ್ತಿಲ್ಲ. ಅವಳ ಬಳಿ ಕಾವಿದೆ, ಆರ್ಡರ್ ಇಲ್ಲ. ನನ್ನ ಬಳಿ ಆರ್ಡರ್ ಇದೆ, ಕಾವಿಲ್ಲ. ಹೊಲದ ಮೇಲೆ ದಪ್ಪ ವೈರು ಎಳೆಸಬಹುದು, ಆದರೆ ಶುಂಠಿ ಕಿತ್ತು ದುಡ್ಡು ಬರುವ ತನಕ ಧರ್ಮೇಶ್ ಅದರ ಮಾತೂ ಎತ್ತಗೊಡುವುದಿಲ್ಲ.

ಅವಳ ಅಡುಗೆಮನೆಯ ಬಾಗಿಲಿಗೆ ಹೋದೆ. ಅವಳು ಒಲೆ ಕಡೆ ಮುಖ ಮಾಡಿ ನಿಂತಿದ್ದಳು.

"ವೈರು ಬೇಡ ಬಿಡು" ಎಂದೆ. "ಹಿಟ್ಟು ನಾನು ಕಲಸಿ ತರ್ತೀನಿ. ಇಲ್ಲೇ ಬೇಯಿಸೋಣ, ನೀನೇ ಬೇಯಿಸು. ಬಂದದ್ದರಲ್ಲಿ ಅರ್ಧ ನಿಂದು, ಅರ್ಧ ನಂದು."

ತುಂಬ ದೊಡ್ಡ ಮನಸ್ಸು ಮಾಡಿದ್ದೇನೆ ಎಂದುಕೊಂಡು ನಿಂತೆ. ಅವಳು ಅಳಬಹುದು, ಕೈ ಹಿಡಿದುಕೊಳ್ಳಬಹುದು ಎಂದುಕೊಂಡಿದ್ದೆ. ಅವಳು ಕಣ್ಣೊರೆಸಿಕೊಂಡು ತಿರುಗಿದಳು.

"ಪೊಟ್ಟಣದ ಮೇಲೆ ಯಾರ ಹೆಸರು ಹಾಕೋದು?" ಎಂದಳು.

ನನ್ನ ಹೆಸರು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಕಣ್ಣು ನೋಡಿ ಅಲ್ಲೇ ನುಂಗಿಕೊಂಡೆ. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಕೇಳುತ್ತಿದ್ದದ್ದು ಅದನ್ನೇ. ಒಳಗೆ ಹೋಗಿ ಸ್ಟೂಲ್ ಎಳೆದುಕೊಂಡು ಕೂತೆ, ಅವಳು ಇನ್ನೊಂದನ್ನು ಎಳೆದುಕೊಂಡಳು.

ಹೊತ್ತು ಮುಳುಗಿದರೂ ಆ ಹೆಸರಿನ ಮಾತು ಇತ್ಯರ್ಥವಾಗಲಿಲ್ಲ.